ಕೀಲಿ ತಿರುವಿದಂತೆ ನಿಲ್ಲುವ ಎಂಜಿನ್

ರೈತ ಬಾಂಧವರಿಗೆ ನಮಸ್ಕಾರ.

ಸಿಂಧನೂರು, ಗಂಗಾವತಿ ಸೀಮೆಯಲ್ಲಿ ಭತ್ತ ಕೊಯ್ಲಿಗೆ ಬಂತೆಂದರೆ ಕಟಾವು ಯಂತ್ರಕ್ಕೆ ಬಿಡುವೇ ಇಲ್ಲ. ಅಂಥ ಹೊತ್ತಿನಲ್ಲಿ ಗದ್ದೆಯ ನಡುವೆ ಯಂತ್ರ ನಿಂತಿದೆ ಎಂದು ನನಗೆ ಕರೆ ಬಂತು. ಅರ್ಧ ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಚಾಲೂ ಆಗುತ್ತದೆ, ಒಂದು ತಾಸಿಗೆ ಮತ್ತೆ ನಿಲ್ಲುತ್ತದೆ. ಮಾಲೀಕರು ಡೀಸೆಲ್ ಫಿಲ್ಟರ್ ಎರಡು ಸಲ ಬದಲಿಸಿ, ಟ್ಯಾಂಕನ್ನೂ ತೊಳೆಸಿದ್ದರು.

ನಿಲ್ಲುವಾಗ ಹೇಗೆ ನಿಲ್ಲುತ್ತದೆ ಎಂದು ಡ್ರೈವರನ್ನು ಕೇಳಿದೆ. "ಕೀಲಿ ತಿರುವಿ ಬಂದ್ ಮಾಡಿದಂಗ ಆಗ್ತೈತ್ರಿ" ಎಂದ. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಡೀಸೆಲ್ ಸಾಕಾಗದ ಎಂಜಿನ್ ಸಾಮಾನ್ಯವಾಗಿ ತಡವರಿಸಿ, ಎಳೆತ ಕಳೆದುಕೊಂಡು ನಿಲ್ಲುತ್ತದೆ. ಎಂಜಿನ್ ತಿರುಗುವ ವೇಗ ಅಳೆಯುವ ಸೆನ್ಸರ್ ಕೈಕೊಟ್ಟರೆ ಒಮ್ಮೆಲೇ ಬಂದ್.

50 ಎಚ್‌ಪಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದ ಮೇಲೆ ಕಾಮನ್ ರೈಲ್ ಎಂಜಿನ್, ಅಂದರೆ ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರಿಗೂ ಹೆಚ್ಚು ಒತ್ತಡದ ಡೀಸೆಲ್ ಹೋಗುವಂಥವು, ಹೆಚ್ಚಾಗಿವೆ. ಈ ಕಟಾವು ಯಂತ್ರದ್ದೂ ಅಂಥದ್ದೇ. ಇವುಗಳಲ್ಲಿ ಡೀಸೆಲ್ ಯಾವಾಗ ಚಿಮ್ಮಬೇಕೆಂದು ಹೇಳುವುದು ಇಸಿಯು ಪೆಟ್ಟಿಗೆ, ಅಂದರೆ ಎಂಜಿನ್ನಿನ ಕಂಪ್ಯೂಟರ್. ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ದಂಡ) ತಿರುಗುವ ಸುದ್ದಿ ಅದಕ್ಕೆ ಮುಟ್ಟಿಸುವುದು, ಹಲ್ಲುಗಾಲಿಯ ಎದುರು ಕೂತ ಹೆಬ್ಬೆರಳು ಗಾತ್ರದ ಆ ವೇಗದ ಸೆನ್ಸರ್. ಆ ಸುದ್ದಿ ನಿಂತರೆ ಡೀಸೆಲ್ಲೂ ನಿಲ್ಲುತ್ತದೆ. ಕೆಲವು ಎಂಜಿನ್ನುಗಳು ಆಗಲೂ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸೆನ್ಸರಿನ ಆಸರೆಯಲ್ಲಿ ಓಡುತ್ತವೆ, ಆದರೆ ಚಾಲೂ ಆಗಲು ತಡವಾಗುತ್ತದೆ.

ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ನೋಡಿ. ಮುಂಚೆ ಏಳುತ್ತಿದ್ದ ಮುಳ್ಳು ಈಗ ಸೊನ್ನೆಯಲ್ಲೇ ಕೂತಿದ್ದರೆ ಅನುಮಾನ ಗಟ್ಟಿ. ಆದರೂ ಹೊಸ ಸೆನ್ಸರಿಗೆ ದುಡ್ಡು ಸುರಿಯಬೇಡಿ. ಇಸಿಯು ತೋರಿಸುವ ಫಾಲ್ಟ್ ಕೋಡ್ (ದೋಷದ ಸಂಖ್ಯೆ) ಹೇಳುವುದು ಆ ಲೈನಿನಲ್ಲಿ ದೋಷವಿದೆ ಎಂದಷ್ಟೇ. ಸೆನ್ಸರೇ ಕೆಟ್ಟಿದೆ ಎಂದು ಅದು ಹೇಳುವುದಿಲ್ಲ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಯಂತ್ರದ ವೈರನ್ನು ಇಲಿ ಕಡಿದಿರುತ್ತದೆ, ವೈರು ಜೋಡಿಸುವ ಕಪ್ಲರಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿರುತ್ತದೆ, ಸೆನ್ಸರಿನ ತುದಿಗೆ ಕಬ್ಬಿಣದ ಪುಡಿ ಮೆತ್ತಿರುತ್ತದೆ. ಬದು ಹತ್ತಿ ಕುಲುಕಿದಾಗ ನಿಂತರೆ ನಾನು ವೈರು ಹುಡುಕುತ್ತೇನೆ. ಬಿಸಿಯಾದಾಗ ಮಾತ್ರ ನಿಂತರೆ ಸೆನ್ಸರಿನ ಒಳಗಿನ ಸುರುಳಿ ಹುಡುಕುತ್ತೇನೆ.

ಎರಡು ವೈರಿನ ಸೆನ್ಸರಾದರೆ ಕೀಲಿ ತೆಗೆದು, ಕಪ್ಲರ್ ಬಿಡಿಸಿ, ಮಲ್ಟಿಮೀಟರಿನಲ್ಲಿ ಸೆನ್ಸರಿನ ಓಮ್ (ಸುರುಳಿಯ ತಡೆ) ನೋಡಿ. ಸರಿಯಾದ ಅಳತೆ ಯಂತ್ರದ ಕೈಪಿಡಿಯಲ್ಲಿರುತ್ತದೆ. ಬಹಳಷ್ಟರಲ್ಲಿ ಕೆಲವು ನೂರರಿಂದ ಒಂದೆರಡು ಸಾವಿರ ಓಮ್. ಮೂರು ವೈರಿನದ್ದು ಹಾಲ್ ಸೆನ್ಸರ್ (ಹೊರಗಿನ ಕರೆಂಟಿನಿಂದ ನಡೆಯುವಂಥದ್ದು) ಆಗಿದ್ದರೆ ಅದಕ್ಕೆ ಓಮ್ ಹಿಡಿಯಬೇಡಿ. ಕೀಲಿ ಆನ್ ಮಾಡಿ, ಹಾರ್ನೆಸ್ (ಯಂತ್ರದ ವೈರಿನ ಕಟ್ಟು) ಕಡೆಯ ಕಪ್ಲರಿಗೆ 5 ಅಥವಾ 12 ವೋಲ್ಟ್ ಬರುತ್ತಿದೆಯೇ ನೋಡಿ. ಅದು ಬಾರದಿದ್ದರೆ ಸೆನ್ಸರ್ ನಿರಪರಾಧಿ.

ನಾನು ನೋಡಿದ್ದು ಎರಡು ವೈರಿನದ್ದು. ತಣ್ಣಗಿದ್ದಾಗ ಓಮ್ ಸರಿ. ಬಿಚ್ಚಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಚಹಾ ಕಾಸುವ ಪಾತ್ರೆಯ ಬಿಸಿನೀರಲ್ಲಿ ಇಳಿಬಿಟ್ಟೆ. ಎರಡು ನಿಮಿಷಕ್ಕೆ ಮೀಟರಿನ ಓದು ಮಾಯ, ತಂತಿ ಒಳಗೇ ಬಿಟ್ಟುಕೊಂಡಿತ್ತು. ತಣಿಸಿದಾಗ ಮತ್ತೆ ಕೂಡಿಕೊಂಡಿತು. ಅದನ್ನು ಕಂಡ ಮಾಲೀಕರ ಮುಖದ ಬಿಗಿ ಸಡಿಲಾಯಿತು.

ಹೊಸದನ್ನು ಕೂರಿಸುವ ಮುನ್ನ ಸೆನ್ಸರ್ ಕೂರುವ ತೂತು ಒರೆಸಿ, ಹಲ್ಲಿಗೂ ತುದಿಗೂ ನಡುವಿನ ಸಂದನ್ನು ಕೈಪಿಡಿಯಂತೆ ಇಟ್ಟೆ. ಅದು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸು. ತಣ್ಣನೆಯ ಎಂಜಿನ್ ಚಾಲೂ ಆದದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಎರಡು ತಾಸು ಕೊಯ್ಯಲು ಹೇಳಿ, ಬದುವಿನ ಮೇಲೆ ಕೂತು ನೋಡಿ, ಆಮೇಲೇ ಕೂಲಿ ಇಸಿದುಕೊಂಡೆ.