ದೇವರ ಹೆಸರು ಮತಕ್ಕೆ ಬಿದ್ದ ದಿನ

ಕೇಳುಗರೇ, ನಮಸ್ಕಾರ.

1949ರ ಅಕ್ಟೋಬರ್ 17. ದೆಹಲಿಯಲ್ಲಿ ಸಂವಿಧಾನ ಸಭೆ ಸೇರಿತ್ತು. ಸುಮಾರು ಮೂರು ವರ್ಷದ ಕೆಲಸ ಮುಗಿಯುತ್ತಾ ಬಂದಿತ್ತು. ಪೀಠಿಕೆಯ ಚರ್ಚೆಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದರು. ಒಳಗಿನ ವಿಧಿಗಳೆಲ್ಲ ಗಟ್ಟಿಯಾದ ಮೇಲೆ ಮೊದಲ ಪುಟ ನೋಡೋಣ ಅಂತ.

ಆಗ ಎದ್ದು ನಿಂತವರು ಎಚ್.ವಿ. ಕಾಮತ್. ಮಂಗಳೂರಿನಲ್ಲಿ ಹುಟ್ಟಿದವರು. ಐಸಿಎಸ್ ಹುದ್ದೆ ಬಿಟ್ಟು ಸುಭಾಷ್‌ಚಂದ್ರ ಬೋಸರ ಜೊತೆ ಹೋದವರು. ಸಭೆಗೆ ಬಂದಿದ್ದು ಮಾತ್ರ ಮಧ್ಯ ಪ್ರಾಂತ್ಯದ ಕಡೆಯಿಂದ. ಅವರ ಬೇಡಿಕೆ ಚಿಕ್ಕದು. 'ಭಾರತದ ಜನತೆಯಾದ ನಾವು' ಅನ್ನುವುದಕ್ಕೆ ಮೊದಲು 'ದೇವರ ಹೆಸರಿನಲ್ಲಿ' ಅಂತ ಸೇರಿಸಿ ಎಂದರು.

ಕೇಳೋದಕ್ಕೆ ಏನೂ ತೊಂದರೆಯಿಲ್ಲ, ಅಲ್ವಾ? ನಮ್ಮಲ್ಲಿ ಅಂಗಡಿಯ ಲೆಕ್ಕದ ಪುಸ್ತಕದ ಮೇಲೂ 'ಶ್ರೀ' ಅಂತ ಬರೆದೇ ಶುರು ಮಾಡುತ್ತಾರೆ. ಐರ್ಲೆಂಡಿನ ಸಂವಿಧಾನ ಕ್ರೈಸ್ತರ ತ್ರಿಯೇಕ ದೇವರ ಹೆಸರಿನಿಂದಲೇ ಆರಂಭವಾಗುತ್ತದೆ. ನಮ್ಮವರು ರಾಜ್ಯನೀತಿಯ ನಿರ್ದೇಶಕ ತತ್ವಗಳಿಗೆ ನೋಡಿದ್ದೂ ಅದೇ ಸಂವಿಧಾನವನ್ನು. ಅದೇ ವರ್ಷದ ಮಾರ್ಚ್‌ನಲ್ಲಿ ಪಾಕಿಸ್ತಾನದ ಸಂವಿಧಾನ ಸಭೆ, ಸಾರ್ವಭೌಮತ್ವ ಅಲ್ಲಾಹನದು ಎಂಬ ನಿರ್ಣಯವನ್ನು ಒಪ್ಪಿಕೊಂಡಿತ್ತು.

ಆದರೆ ಇಲ್ಲಿ ಬಾಯಿ ಬಿಟ್ಟ ತಕ್ಷಣ ಪ್ರಶ್ನೆ ಶುರುವಾಯಿತು. ಯಾವ ದೇವರು? ಅಸ್ಸಾಮಿನ ರೋಹಿಣಿ ಕುಮಾರ್ ಚೌಧುರಿ ಎದ್ದು, ನಾವು ಕಾಮಾಖ್ಯೆಯ ನಾಡಿನವರು, ದೇವಿಯ ಹೆಸರು ಬೇಡವೇ ಎಂದರು. ಗೋವಿಂದ ಮಾಳವೀಯರು ಪರಮೇಶ್ವರನ ಕೃಪೆಯಿಂದ ಎಂದು ಇನ್ನೂ ಉದ್ದದ ಸಾಲು ತಂದರು. ಶಿಬ್ಬನ್ ಲಾಲ್ ಸಕ್ಸೇನಾ ದೇವರ ಜೊತೆಗೆ ಗಾಂಧೀಜಿಯ ಹೆಸರೂ ಇರಲಿ ಎಂದರು. ಒಂದು ಹೆಸರಿಗೆ ಜಾಗ ಕೇಳಿದರೆ ಸಾಲೇ ನಿಂತುಬಿಟ್ಟಿತು.

ನನಗೆ ಮುಖ್ಯ ಅನ್ನಿಸುವುದು ಬೇಡ ಎಂದವರ ಮಾತು. ತಿರುವಾಂಕೂರಿನ ಪಟ್ಟಂ ಥಾನು ಪಿಳ್ಳೈ ಹೇಳಿದ್ದು ಇದು: ನಂಬುವುದು, ಬಿಡುವುದು ಒಬ್ಬೊಬ್ಬರ ಪಾಲಿಗೆ ಬಿಟ್ಟಿದ್ದು. ಪೀಠಿಕೆಯಲ್ಲಿ ಬರೆದರೆ ನಂಬದವನ ಮೇಲೆ ಹೇರಿದಂತೆ ಆಗುತ್ತದೆ. ಹೃದಯನಾಥ ಕುಂಜ್ರು ಅದೇ ಪೀಠಿಕೆಯನ್ನು ಮುಂದಿಟ್ಟರು. ನಂಬಿಕೆಯ ಸ್ವಾತಂತ್ರ್ಯ ಕೊಡುತ್ತೇವೆ ಅಂತ ಕೆಳಗೆ ಬರೆದು, ಮೇಲಿನ ಸಾಲಿನಲ್ಲೇ ಎಲ್ಲರ ಪರವಾಗಿ ನಂಬಿಬಿಡುವುದು ಹೇಗೆ? ಪೂರ್ಣಿಮಾ ಬ್ಯಾನರ್ಜಿಯವರಂತೂ ಕಾಮತರನ್ನು ಕೇಳಿಕೊಂಡರು: ದೇವರ ಬಗ್ಗೆ ಮತ ಹಾಕುವ ಮುಜುಗರಕ್ಕೆ ನಮ್ಮನ್ನು ದೂಡಬೇಡಿ. ಇದು ದೇವರನ್ನು ದೂರ ಇಡುವವರ ಮಾತಿನ ಹಾಗೆ ಕೇಳಿಸುತ್ತದೆಯೇ? ನನಗಂತೂ ಇಲ್ಲ.

ಕಾಮತ್ ಪಟ್ಟು ಬಿಡಲಿಲ್ಲ. ರಾಜೇಂದ್ರ ಪ್ರಸಾದರು ಅಧ್ಯಕ್ಷರ ಕುರ್ಚಿಯಲ್ಲಿದ್ದರು. ಎಣಿಕೆಯಾಯಿತು. ಪರ 41, ವಿರುದ್ಧ 68. ಇದು ನಮ್ಮ ಚರಿತ್ರೆಯಲ್ಲಿ ಕರಾಳ ದಿನ, ದೇವರೇ ಭಾರತವನ್ನು ಕಾಪಾಡಲಿ ಎಂದು ಕಾಮತ್ ನೊಂದುಕೊಂಡರು.

ಹಾಗಂತ ದೇವರು ಸಂವಿಧಾನದಲ್ಲಿ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಪ್ರಮಾಣ ವಚನದಲ್ಲಿದ್ದಾನೆ, ಬೇಕಾದವರಿಗೆ ಮಾತ್ರ. 'ದೇವರ ಹೆಸರಿನಲ್ಲಿ' ಎನ್ನಬಹುದು, 'ಸತ್ಯನಿಷ್ಠೆಯಿಂದ' ಎಂದರೂ ಸರಿ. ನಮ್ಮ ಮಂತ್ರಿಗಳು ಮನೆದೇವರು, ಬಸವಣ್ಣ, ರೈತರು ಅಂತ ತಮಗೆ ಬೇಕಾದ್ದನ್ನೆಲ್ಲ ಸೇರಿಸಿಕೊಳ್ಳುತ್ತಾರೆ, ಅದು ಬೇರೆ ಮಾತು.

'ಜಾತ್ಯತೀತ' ಪದದ ಗಲಾಟೆ ಜಾಸ್ತಿ ಕೇಳಿರುತ್ತೀರಿ. 1948ರಲ್ಲೇ ಕೆ.ಟಿ. ಶಾ ಅದನ್ನು ಸೇರಿಸಲು ನೋಡಿದರು, ಆಗಲಿಲ್ಲ. ಪೀಠಿಕೆಗೆ ಬಂದಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಪೀಠಿಕೆಯ ಜಗಳಕ್ಕಿಂತ ದೊಡ್ಡ ಕೆಲಸ ಒಳಗಿನ 25 ಮತ್ತು 26ನೇ ವಿಧಿಗಳಲ್ಲಿತ್ತು. 25 ಒಬ್ಬೊಬ್ಬರ ಧರ್ಮದ ಸ್ವಾತಂತ್ರ್ಯದ್ದು, 26 ಪಂಗಡಗಳು ತಮ್ಮ ಧರ್ಮದ ವಿಷಯವನ್ನು ತಾವೇ ನೋಡಿಕೊಳ್ಳುವ ಹಕ್ಕಿನದು. ಅದರ ಪರೀಕ್ಷೆ ನಡೆದದ್ದು ಕಾಮತರು ಹುಟ್ಟಿದ ಕರಾವಳಿಯಲ್ಲೇ.

ಮೊದಲನೆಯದು ಉಡುಪಿಯ ಶಿರೂರು ಮಠದ ಕೇಸು. ಪರ್ಯಾಯದ ಖರ್ಚಿನಿಂದ ಮಠಕ್ಕೆ ಸಾಲವಾಗಿತ್ತು. ಪರ್ಯಾಯ ಅಂದರೆ ಗೊತ್ತಲ್ಲ, ಕೃಷ್ಣನ ಪೂಜೆ ಸರದಿಯ ಮೇಲೆ ಒಂದೊಂದು ಮಠಕ್ಕೆ ಬರುತ್ತದೆ, ಆಗ ಬಂದವರಿಗೆಲ್ಲ ಊಟ ಹಾಕಬೇಕು. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ದೇವಸ್ಥಾನ, ಮಠಗಳ ಮೇಲೆ ಕಣ್ಣಿಡುವ ಅಲ್ಲಿನ ಧರ್ಮಾದಾಯ ಮಂಡಳಿ ಈ ಮಠದ ಆಡಳಿತಕ್ಕೆ ಕೈ ಹಾಕಿತು. ಸ್ವಾಮೀಜಿ ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಧರ್ಮ ಅಂದರೆ ಸುಮ್ನೆ ಮನಸ್ಸಿನ ನಂಬಿಕೆಯಲ್ಲ, ಆಚರಣೆಯೂ ಸೇರುತ್ತದೆ. ದೇವರಿಗೆ ಯಾವ ಹೊತ್ತಿಗೆ ನೈವೇದ್ಯ, ಯಾವ ದಿನ ಏನು ಪೂಜೆ ಎನ್ನುವುದು ಸರ್ಕಾರ ಹೇಳುವ ವಿಷಯವಲ್ಲ. ಆದರೆ ಆಸ್ತಿಯ ಆಡಳಿತ ಕಾನೂನಿನ ಪ್ರಕಾರವೇ ನಡೆಯಬೇಕು. ಪೂಜೆಗೆ ಎಷ್ಟು ದುಡ್ಡು ಸುರಿಯಬೇಕು ಎಂಬುದಕ್ಕೂ ಕಾನೂನು ಮಿತಿ ಹಾಕಬಹುದು.

ಎರಡನೆಯದು ಮೂಲ್ಕಿಯ ವೆಂಕಟರಮಣ ದೇವಸ್ಥಾನದ್ದು. ಮದ್ರಾಸಿನ ದೇವಾಲಯ ಪ್ರವೇಶ ಕಾಯ್ದೆ ಬಂದಾಗ, ಇದು ಗೌಡ ಸಾರಸ್ವತ ಬ್ರಾಹ್ಮಣ ಸಮುದಾಯದ ದೇವಸ್ಥಾನ, ಯಾರು ಒಳಗೆ ಬರಬೇಕು ಎನ್ನುವುದು ನಮ್ಮ ಧರ್ಮದ ವಿಷಯ ಎಂದು ಮೊಕ್ತೇಸರರು ವಾದಿಸಿದರು. ಕೇಸು ಮುಗಿಯುವಷ್ಟರಲ್ಲಿ ರಾಜ್ಯಗಳೇ ಬದಲಾಗಿ, ಎದುರು ಪಕ್ಷ ಮೈಸೂರು ರಾಜ್ಯವಾಗಿತ್ತು! ಸುಪ್ರೀಂ ಕೋರ್ಟು 1957ರಲ್ಲಿ ಅವರ ವಾದದ ಅರ್ಧವನ್ನು ಒಪ್ಪಿತು. ಹೌದು, ಇದು ಆ ಸಮುದಾಯದ್ದೇ ದೇವಸ್ಥಾನ. ಪ್ರವೇಶ ನಿಮ್ಮ ಧರ್ಮದ ವಿಷಯವೂ ಹೌದು. ಆದರೂ 26ನೇ ವಿಧಿ ಕೊಡುವ ಈ ಹಕ್ಕಿಗಿಂತ, ಹಿಂದೂ ದೇವಾಲಯಗಳನ್ನು ಎಲ್ಲ ಹಿಂದೂಗಳಿಗೆ ತೆರೆಯುವ 25ನೇ ವಿಧಿಯ ಮಾತು ಮೇಲು. ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಸಮುದಾಯದವರು ಮಾತ್ರ ಇರಬಹುದು. ಆದರೆ ಉಳಿದವರ ದರ್ಶನಕ್ಕೆ ಸಾಕಷ್ಟು ಹೊತ್ತು ಬಾಗಿಲು ತೆರೆದಿರಲೇಬೇಕು ಎಂದಿತು ಕೋರ್ಟು.

ನಮಸ್ಕಾರ.