ಅಳುವಾಗ ಒಟ್ಟಿಗೆ, ಸ್ತೋತ್ರ ಹೇಳುವಾಗ ಬೇರೆ ಬೇರೆ

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ಸಭೆ ಕರೆದರೆ ಯಾರು ಬರುತ್ತಾರೋ ಅಂತ ನಮಗೆ ಭಯ ಇತ್ತು. ನೀವು ಬಂದಿದ್ದೀರಿ. ಕೆಲವರು ಕಣದಿಂದ ನೇರ ಇಲ್ಲಿಗೇ ಬಂದಿದ್ದೀರಿ, ಕಾಫಿ ರಾಶಿ ಮಾಡಿ, ಮೇಲೆ ಟಾರ್ಪಾಲು ಹೊದಿಸಿ, ಕೈಕಾಲು ತೊಳೆದುಕೊಂಡು. ಅದಕ್ಕೆ ಮೊದಲು ವಂದನೆ.

ಜನವರಿ 18ರಿಂದ 25ರವರೆಗೆ ಲೋಕದ ಎಷ್ಟೋ ಕಡೆ ಕ್ರೈಸ್ತರು ಒಂದಾಗಲಿ ಅಂತ ಪ್ರಾರ್ಥನೆ ಮಾಡುತ್ತಾರೆ. 1908ರಲ್ಲಿ ಶುರುವಾದ ಪದ್ಧತಿ ಇದು. ಕೊಡಗಿನ ಸಿದ್ದಾಪುರದ ಈ ಹಾಲ್‌ನಲ್ಲಿ ಇವತ್ತು ಕ್ಯಾಥೊಲಿಕರಿದ್ದೀರಿ, ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯವರಿದ್ದೀರಿ, ಆರ್ಥೊಡಾಕ್ಸ್‌ನವರಿದ್ದೀರಿ, ಪ್ರಾರ್ಥನಾ ಮಂದಿರಗಳಿಂದ ಬಂದವರಿದ್ದೀರಿ. ಮನೆಯಲ್ಲಿ ಒಬ್ಬರು ಕೊಂಕಣಿ, ಒಬ್ಬರು ಮಲಯಾಳಂ, ಒಬ್ಬರು ತಮಿಳು ಮಾತಾಡುತ್ತೀರಿ. ನಾನು ದೇವಶಾಸ್ತ್ರ ಓದಿದವನಲ್ಲ. ಮೂರು ಎಕರೆ ತೋಟ ಇರುವ ಒಬ್ಬ ವಿಶ್ವಾಸಿ, ಅಷ್ಟೇ. ಬಹಳ ದಿನದಿಂದ ಮನಸ್ಸಿನಲ್ಲಿ ಕೂತಿರುವ ಒಂದು ವಿಷಯ ನಿಮ್ಮ ಮುಂದೆ ಇಡುತ್ತೇನೆ.

ಲೂಕನ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಕಥೆ ಇದೆ, ನಿಮಗೆ ಗೊತ್ತಿರುವುದೇ. ಒಂಬತ್ತು ಜನ ಹೊರಟುಹೋದರು, ಒಬ್ಬ ತಿರುಗಿ ಬಂದು ಯೇಸುವಿನ ಕಾಲಿಗೆ ಬಿದ್ದ. ಚಿಕ್ಕಂದಿನಿಂದ ನಾನು ಇದನ್ನು 'ಥ್ಯಾಂಕ್ಸ್ ಹೇಳಬೇಕು' ಅನ್ನುವ ಪಾಠ ಅಂತಲೇ ಕೇಳಿದ್ದೆ. ಆದರೆ ಆ ತಿರುಗಿ ಬಂದವನು ಸಮಾರ್ಯದವನು. ಬಾಕಿಯವರು ಯೆಹೂದ್ಯರು ಅಂತಲೇ ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಆ ಎರಡು ಜನಕ್ಕೆ ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ. ಹಾಗಾದರೆ ಈ ಹತ್ತು ಜನ ಜೊತೆಗೆ ಸೇರಿದ್ದು ಹೇಗೆ? ರೋಗ ಸೇರಿಸಿತ್ತು. ಊರಿನಿಂದ ಹೊರಗೆ ಹಾಕಿಸಿಕೊಂಡವರಿಗೆ ನೀನು ಯಾವ ಜಾತಿ, ಯಾವ ಸಭೆ ಅಂತ ಕೇಳುವುದಕ್ಕೆ ಏನು ಉಳಿದಿತ್ತು? ಹತ್ತೂ ಜನ ಒಂದೇ ಸ್ವರದಲ್ಲಿ ಕೂಗಿದರು, ನಮ್ಮನ್ನು ಕರುಣಿಸು ಅಂತ.

ವಾಸಿಯಾದ ತಕ್ಷಣ ಏನಾಯಿತು ನೋಡಿ. ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಅಂದಿದ್ದರು ಯೇಸು. ಯಾವ ಯಾಜಕರಿಗೆ? ಯೆಹೂದ್ಯರಿಗೆ ಯೆರೂಸಲೇಮ್, ಸಮಾರ್ಯದವರಿಗೆ ಗೆರಿಜೀಮ್ ಬೆಟ್ಟ. ಚರ್ಮ ಶುದ್ಧವಾಯಿತು, ದಾರಿ ಎರಡಾಯಿತು. ಇದು ಹೊಳೆದ ದಿನ ನನಗೆ ನಿದ್ದೆ ಬರಲಿಲ್ಲ. ಯಾಕೆಂದರೆ ಇದು ನಮ್ಮ ಕಥೆ.

2018ರ ಆಗಸ್ಟ್ ನೆನಪಿದೆ ಅಲ್ವಾ? ಮಕ್ಕಂದೂರು, ಕಾಲೂರು, ಜೋಡುಪಾಲ. ಗುಡ್ಡ ಜಾರಿ ಗದ್ದೆ, ತೋಟ, ಮನೆ, ರಸ್ತೆ ಎಲ್ಲ ಒಂದೇ ಕೆಸರಾಗಿತ್ತು. ಆಗ ನಾನು ಒಂದು ಪರಿಹಾರ ಕೇಂದ್ರದ ಅಡುಗೆಮನೆಯಲ್ಲಿ ಹತ್ತು ದಿನ ಇದ್ದೆ. ಕೊಡವರು, ಗೌಡರು, ಮುಸ್ಲಿಮರು, ನಾವು, ಎಲ್ಲರ ಕೈಯೂ ಅದೇ ಪಾತ್ರೆಯಲ್ಲಿ. ರಾತ್ರಿ ಊಟ ಮುಗಿದ ಮೇಲೆ ಒಂದು ಮೂಲೆಯಲ್ಲಿ ಕೊಂಕಣಿ ಅಜ್ಜಿಯೊಬ್ಬರು ಜಪಸರ ಹಿಡಿದು ಕೂರುತ್ತಿದ್ದರು. ಪಕ್ಕದಲ್ಲಿ ಸಿಎಸ್‌ಐನ ಅಮ್ಮ ಒಬ್ಬರು ಮೆತ್ತಗೆ ಕೀರ್ತನೆ ಹೇಳುತ್ತಿದ್ದರು. ಕೊನೆಗೆ ಇಬ್ಬರೂ ಸೇರಿ 'ನಮ್ಮ ತಂದೆಯೇ' ಶುರು ಮಾಡುವರು. ನಮ್ಮ ನಮ್ಮ ಸಭೆಗಳಲ್ಲಿ ಕಲಿತ ಮಾತುಗಳು ಬೇರೆ ಬೇರೆ, ಹಾಗಾಗಿ ಮಧ್ಯದಲ್ಲಿ ಒಬ್ಬರು 'ನಿಮ್ಮ' ಅಂದರೆ ಇನ್ನೊಬ್ಬರು 'ನಿನ್ನ' ಅನ್ನುವರು, ಒಬ್ಬರು ಮುಂದೆ ಹೋದರೆ ಇನ್ನೊಬ್ಬರು ನಿಂತು ಕಾಯುವರು. ಆ ಕಾಯುವುದು ಇದೆಯಲ್ಲ, ಅಷ್ಟು ಚಂದದ ಪ್ರಾರ್ಥನೆ ನಾನು ಯಾವ ದೊಡ್ಡ ದೇವಾಲಯದಲ್ಲೂ ಕೇಳಿಲ್ಲ.

ಮಳೆ ನಿಂತಿತು. ಜನ ಮನೆಗಳಿಗೆ, ಬಾಡಿಗೆ ಕೋಣೆಗಳಿಗೆ ಹೋದರು. ಆಮೇಲೆ ಜೀವ ಉಳಿಸಿದ ದೇವರಿಗೆ ಸ್ತೋತ್ರ ಸಲ್ಲಿಸುವ ಪ್ರಾರ್ಥನೆ ಇಟ್ಟುಕೊಂಡೆವು. ಎಲ್ಲರೂ ಇಟ್ಟುಕೊಂಡೆವು, ಅವರವರ ಕಡೆ. ಆ ಅಜ್ಜಿ ಒಂದು ಕಡೆ, ಆ ಅಮ್ಮ ಇನ್ನೊಂದು ಕಡೆ. ಯಾರೂ ಜಗಳ ಆಡಲಿಲ್ಲ, ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಆದರೂ ಹತ್ತು ದಿನ ಒಂದೇ ಪಾತ್ರೆಯ ಗಂಜಿ ಕುಡಿದವರಿಗೆ ಒಂದೇ ಕಡೆ ನಿಂತು ದೇವರಿಗೆ ವಂದನೆ ಹೇಳಬೇಕು ಅಂತ ಹೊಳೆಯಲೇ ಇಲ್ಲವಲ್ಲ, ಅದು ನನಗೆ ನೋವು.

ಇನ್ನೊಂದು ಮಾತು ನಮ್ಮ ಮನೆಯದೇ. ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಬೇರೆ ಸಭೆಯವರನ್ನು ಮದುವೆಯಾದರು. ಅಪ್ಪ ಹನ್ನೊಂದು ವರ್ಷ ಅವರ ಮನೆ ಮೆಟ್ಟಿಲು ಹತ್ತಲಿಲ್ಲ. ಅತ್ತೆ ಜೂನ್ ತಿಂಗಳ ಮಳೆಯಲ್ಲಿ ತೀರಿಕೊಂಡಾಗ ಯಾವ ಸ್ಮಶಾನದಲ್ಲಿ ಮಣ್ಣು ಮಾಡುವುದು ಅಂತ ಎರಡು ಕಡೆಯ ಹಿರಿಯರಿಗೂ ಮಾತು ಬೆಳೆಯಿತು. ಪೆಟ್ಟಿಗೆ ಸಂಜೆವರೆಗೆ ಜಗುಲಿಯಲ್ಲೇ ಇತ್ತು. ನನಗೆ ಆಗ ಹನ್ನೆರಡು ವರ್ಷ. ಅದರ ಮುಂದಿನ ಸುಗ್ಗಿ ಹಬ್ಬಕ್ಕೆ ಅಪ್ಪ ವರ್ಷದ ಮೊದಲ ಒಳ್ಳೆಮೆಣಸಿನ ಚೀಲ ಹೊತ್ತುಕೊಂಡು ಚರ್ಚಿನ ಗೇಟಿನವರೆಗೆ ಬಂದರು. ಅಲ್ಲೇ ನಿಂತರು. ಎಷ್ಟು ಹೊತ್ತು ಅಂತ ಹೇಳಲಾರೆ, ಒಳಗೆ ಎರಡು ಕೀರ್ತನೆ ಮುಗಿದವು. ಆಮೇಲೆ ಚೀಲ ಹೊತ್ತುಕೊಂಡೇ ತಿರುಗಿ, ಎರಡು ಮೈಲಿ ನಡೆದು, ಮಾವನ ಮನೆ ಅಂಗಳದಲ್ಲಿ ಇಳಿಸಿದರು. "ಭಾವಾ, ಇದನ್ನ ಒಬ್ನೇ ಕೊಡೋಕೆ ಆಗ್ಲಿಲ್ಲ" ಅಂದರು. ಅಷ್ಟೇ ಮಾತು. ಮುಂದಿನ ಭಾನುವಾರ ಆ ಚೀಲವನ್ನು ಇಬ್ಬರೂ ಸೇರಿ ತಂದರು. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಮತ್ತಾಯನ 5ನೇ ಅಧ್ಯಾಯದಲ್ಲಿ ಇದೆಯಲ್ಲ, ಆ ವಚನ ಓದುವಾಗೆಲ್ಲ ನನಗೆ ಅಪ್ಪನ ಬೆನ್ನು ಕಾಣುತ್ತದೆ.

ಕೊಡಗಿನ ಕ್ರೈಸ್ತರಾದ ನಮಗೆ ದೇವರಿಗೆ ಋಣ ಹೇಳುವುದಕ್ಕೆ ಕಾರಣ ಸ್ವಲ್ಪ ಜಾಸ್ತಿಯೇ ಇದೆ. ಟಿಪ್ಪುವಿನ ಕಾಲದಲ್ಲಿ ಓಡಿಬಂದ ನಮ್ಮ ಹಿರಿಯರಿಗೆ ವಿರಾಜಪೇಟೆಯಲ್ಲಿ ಜಾಗ ಕೊಟ್ಟವನು ದೊಡ್ಡ ವೀರರಾಜೇಂದ್ರ. ಸಂತ ಅನ್ನಮ್ಮನವರ ಚರ್ಚು ಬೆಳೆದದ್ದು ಹಾಗೆ. ಅರಸ ಕ್ರೈಸ್ತನಲ್ಲ, ವೀರಶೈವ. 1853ರಲ್ಲಿ ಜರ್ಮನ್ ಮಿಷನರಿ ಮೋಗ್ಲಿಂಗ್ ಕೊಡಗಿಗೆ ಬಂದರು, ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದವರು. ತಲೆತಲಾಂತರದಿಂದ ಇನ್ನೊಬ್ಬರ ಗದ್ದೆಯಲ್ಲಿ ದುಡಿದ ಬಡವರು ಅವರ ಕಾಲದಲ್ಲಿ ಇಲ್ಲೇ ಹತ್ತಿರದ ಆನಂದಪುರದಲ್ಲಿ ನೆಲೆ ನಿಂತರು. ನಮಗೆ ಸಿಕ್ಕಿದ್ದೆಲ್ಲ ಯಾರೋ ಕೊಟ್ಟದ್ದು. ಅದನ್ನು ನಮ್ಮ ನಮ್ಮಲ್ಲೇ ಹಂಚಿಕೊಂಡು ಸುಮ್ನೆ ಕೂತರೆ ಹೇಗೆ?

ಎಲ್ಲ ಸಭೆಯವರೂ ಒಟ್ಟಿಗೆ ನಿಂತು ಸ್ತೋತ್ರ ಹೇಳುವುದು ಆಗುವ ಮಾತಲ್ಲ ಅಂತ ಹಿರಿಯರು ಕೆಲವರು ನನಗೆ ಹೇಳಿದ್ದಾರೆ. ಸಿಎಸ್‌ಐ ಹುಟ್ಟಿದ್ದು ನೆನಪಿಸಿಕೊಳ್ಳಿ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಶುರುವಾಯಿತು. ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳವರು ಮದ್ರಾಸಿನಲ್ಲಿ ಒಂದಾಗಿದ್ದು 1947ರ ಸೆಪ್ಟೆಂಬರ್ 27ರಂದು. ಇಪ್ಪತ್ತೆಂಟು ವರ್ಷ! 1054ರಿಂದ ಕ್ಯಾಥೊಲಿಕರಿಗೂ ಆರ್ಥೊಡಾಕ್ಸ್‌ನವರಿಗೂ ಮಧ್ಯೆ ಇದ್ದ ಬಹಿಷ್ಕಾರಗಳನ್ನು ರೋಮಿನ ಪೋಪ್ ಮತ್ತು ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ತೆಗೆದುಹಾಕಿದ್ದು 1965ರಲ್ಲಿ. ಒಂಬೈನೂರು ವರ್ಷ ಹಿಡಿಯಿತು, ಆದರೂ ಆಯಿತು. ನಾನು ಕೇಳುತ್ತಿರುವುದು ಒಂದು ಸಂಜೆ.

ಬಲಿಪೂಜೆ, ಪ್ರಭುಭೋಜನ ಈ ವಿಷಯದಲ್ಲಿ ನಮ್ಮ ನಂಬಿಕೆಗಳು ಬೇರೆ ಇವೆ, ಅದನ್ನು ಮುಟ್ಟುವುದು ಬೇಡ, ಅದಕ್ಕೆ ಗುರುಗಳು, ಪಾಸ್ಟರ್‌ಗಳು ಇದ್ದಾರೆ. ಸ್ತೋತ್ರ ಹೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಫೆಬ್ರವರಿ ಕೊನೆಗೆ ರೋಬಸ್ಟಾ ಕೊಯ್ಲು ಮುಗಿಯುತ್ತದೆ. ಮಾರ್ಚಿನ ಮೊದಲ ಶನಿವಾರ ಸಂಜೆ ಎಲ್ಲರೂ ಇದೇ ಹಾಲ್‌ಗೆ ನಿಮ್ಮ ಬೆಳೆಯಲ್ಲಿ ಒಂದಿಷ್ಟು ತನ್ನಿ. ಕಾಫಿ, ಮೆಣಸು, ಬಾಳೆಗೊನೆ, ಒಂದು ಹಿಡಿ ಭತ್ತ, ತೋಟ ಇಲ್ಲದವರು ಒಂದು ದಿನದ ಕೂಲಿಯಲ್ಲಿ ಆದಷ್ಟು. ಒಂದೇ ಮೇಜಿನ ಮೇಲೆ ಇಡೋಣ. ಅದನ್ನು ಹರಾಜು ಹಾಕಿ ಬಂದ ಹಣ ಯಾವ ಚರ್ಚಿನ ಡಬ್ಬಿಗೂ ಬೇಡ, ಮಳೆಗಾಲದಲ್ಲಿ ಮನೆ ಸೋರುವವರ ಹೆಂಚಿಗೆ, ಶೀಟಿಗೆ ಹೋಗಲಿ. ಅವರು ಯಾವ ಧರ್ಮದವರು ಅಂತ ಕೇಳುವುದು ಬೇಡ, ವೀರರಾಜೇಂದ್ರ ನಮ್ಮನ್ನು ಕೇಳಿದ್ದನೇ?

'ನಮ್ಮ ತಂದೆಯೇ' ಹೇಳುವಾಗ ಅವರವರ ಅಭ್ಯಾಸದ ಮಾತುಗಳಲ್ಲೇ ಹೇಳಿ. ಮೊದಲು ಮುಗಿದವರು ಉಳಿದವರಿಗೆ ಕಾಯಿರಿ. ಹಾಡುವವರು ಎಲ್ಲ ಕಡೆಯಿಂದಲೂ ಬೇಕು. ಬಾಗಿಲ ಹತ್ತಿರ ಪುಸ್ತಕ ಇಟ್ಟಿದ್ದೇವೆ, ಕಾಫಿ ಕುಡಿದು ಹೊರಡುವ ಮೊದಲು ಹೆಸರು ಬರೆಸಿ.