ಆಪರೇಷನ್ ಭುಜಕ್ಕೆ, ಕಾಲಿಗಲ್ಲ

ಕೇಳುಗರಿಗೆ ನಮಸ್ಕಾರ. ಭುಜಕ್ಕೆ ಆರ್ಥ್ರೋಸ್ಕೋಪಿ, ಅಂದರೆ ಪುಟ್ಟ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಕೀಲಿನ ಆಪರೇಷನ್, ಮಾಡಿಸಿಕೊಂಡವರಿಗೂ, ಮನೆಯಲ್ಲಿ ಅವರನ್ನು ನೋಡಿಕೊಳ್ಳುವವರಿಗೂ ನನ್ನದು ಒಂದೇ ಮಾತು. ಆಪರೇಷನ್ ಆಗಿದ್ದು ಭುಜಕ್ಕೆ, ಕಾಲಿಗಲ್ಲ. ಎದ್ದು ಓಡಾಡಿ.

ಒಬ್ಬರು ಮೇಷ್ಟ್ರು ಹತ್ತನೇ ದಿನ ಹೊಲಿಗೆ ತೆಗೆಸಲು ಬಂದಿದ್ದರು. ಭುಜದ ಮೇಲೆ ಮೂರೇ ಮೂರು ಪುಟ್ಟ ಗಾಯ, ಚೆನ್ನಾಗಿ ಒಣಗಿತ್ತು. "ಡಾಕ್ಟ್ರೇ, ನೀವು ಹೇಳಿದ ಹಾಗೆ ಪೂರ್ತಿ ರೆಸ್ಟು. ಕುರ್ಚಿ ಬಿಟ್ಟು ಎದ್ದಿಲ್ಲ" ಅಂದರು. ನಾನೆಲ್ಲಿ ಹಾಗೆ ಹೇಳಿದ್ದೆ! ಕೈಗೆ ರೆಸ್ಟ್ ಕೊಡಿ ಅಂದಿದ್ದೆ, ಅಷ್ಟೇ. ಮಲಗಿದರೆ ಭುಜ ನೋಯುತ್ತದೆ ಅಂತ ಹಗಲೂ ರಾತ್ರಿ ಒರಗು ಕುರ್ಚಿಯಲ್ಲೇ ಇದ್ದರಂತೆ. ಬಾತ್‌ರೂಮಿಗೆ ಏಳಬೇಕಲ್ಲ ಅಂತ ನೀರನ್ನೂ ಕಡಿಮೆ ಮಾಡಿದ್ದರು.

ಹೊರಡಲು ಎದ್ದಾಗ ಪ್ಯಾಂಟು ಸ್ವಲ್ಪ ಮೇಲೆ ಸರಿಯಿತು. ಎಡಗಾಲಿನ ಕಾಲುಚೀಲದ ಎಲಾಸ್ಟಿಕ್ ಚರ್ಮದೊಳಗೆ ಹೂತುಹೋಗಿತ್ತು. ಬಲಗಾಲಲ್ಲಿ ಅದರ ಜೋಡಿ ಸಡಿಲವಾಗಿ ಜಾರುತ್ತಿತ್ತು. ಮೀನಖಂಡ ಮುಟ್ಟಿ ನೋಡಿದೆ, ಬಿಸಿ. "ಅದಾ? ಕೂತು ಕೂತು ಹಿಡಕೊಂಡಿದೆ. ಇವಳು ದಿನಾ ತಿಕ್ಕುತ್ತಾಳೆ" ಅಂದರು. ನನ್ನ ಎದೆ ಧಸಕ್ಕೆಂದಿತು. ರಕ್ತದ ಓಡಾಟ ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದರೆ, ತೊಡೆಯವರೆಗೂ ರಕ್ತ ಹೆಪ್ಪುಗಟ್ಟಿತ್ತು! ಮೂರು ತಿಂಗಳು ಮಾತ್ರೆ ನುಂಗಿದರು. ಬಚಾವಾದರು.

ಕಾಲಿನ ರಕ್ತ ಮೇಲೇರಲು ಮೀನಖಂಡ ಅದನ್ನು ಹಿಂಡಬೇಕು. ನಡೆಯದಿದ್ದರೆ ಹಿಂಡುವವರು ಯಾರು? ಆಪರೇಷನ್ ಆದ ಮೈಯಲ್ಲಿ ರಕ್ತ ಮೊದಲೇ ಹೆಪ್ಪುಗಟ್ಟಲು ತುದಿಗಾಲಲ್ಲಿ ನಿಂತಿರುತ್ತದೆ. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗುತ್ತದೆ ಅಂತ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 19ನೇ ಶತಮಾನದಲ್ಲೇ ತೋರಿಸಿಕೊಟ್ಟ. ನಾವಿನ್ನೂ ಕುರ್ಚಿ ಬಿಡಲು ಒಲ್ಲೆ ಅನ್ನುತ್ತೇವೆ.

ಹೆದರಬೇಡಿ, ಇದು ನೂರರಲ್ಲಿ ಒಬ್ಬರಿಗೂ ಆಗುವುದಿಲ್ಲ. ಆದರೆ ಹಿಂದೆ ಹೆಪ್ಪುಗಟ್ಟಿದ್ದವರು, ಕ್ಯಾನ್ಸರ್ ಇರುವವರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಸಿಗರೇಟು ಸೇದುವವರು ಆಪರೇಷನ್‌ಗೆ ಮುಂಚೆಯೇ ಬಾಯಿ ಬಿಟ್ಟು ಹೇಳಿ.

ಸಮಯ ಮುಗಿಯಿತು ಅಂತ ಸನ್ನೆ ಮಾಡುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಒಂದೇ ಕಾಲು ಊದಿದರೆ, ಇಲ್ಲಾ ಆಪರೇಷನ್ ಆದ ಕೈ ಬೆರಳವರೆಗೂ ದಪ್ಪವಾದರೆ, ತಿಕ್ಕಬೇಡಿ, ಅವತ್ತೇ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ಆ ಕ್ಷಣವೇ ಎಮರ್ಜೆನ್ಸಿಗೆ ಹೋಗಿ.

ಉಳಿದ ಹೊತ್ತೆಲ್ಲ ಕೈ ಜೋಲಿಯಲ್ಲಿರಲಿ, ಗಂಟೆಗೊಮ್ಮೆ ಎದ್ದು ನಡೆಯಿರಿ. ಈಗಲೂ ಕೂತೇ ಕೇಳುತ್ತಿದ್ದೀರಿ, ಅಲ್ವಾ? ರೇಡಿಯೋ ಅದರ ಪಾಡಿಗೆ ಹಾಡುತ್ತಿರಲಿ. ನೀವು ಏಳಿ.